ಸುಗ್ಗಿ ಮುಗಿದ ಮೇಲೆ ಕಾರಿನ ಎಸಿ ಫಿಲ್ಟರ್: ಮನೆಯಲ್ಲೇ ಬದಲಿಸುವುದು ಹೇಗೆ

ಮಂಡ್ಯದ ಕಡೆ ಕಾರು ಓಡಿಸುವವರಿಗೆ ಡಿಸೆಂಬರ್, ಜನವರಿಯ ಹಳ್ಳಿ ರಸ್ತೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಊರು ಹತ್ತಿರವಾಗುತ್ತಿದ್ದಂತೆ ಟಾರಿನ ಮೇಲೆ ಉದ್ದಕ್ಕೂ ರಾಗಿ ಹಾಸಿರುತ್ತಾರೆ. ಸ್ವಲ್ಪ ಮುಂದೆ ಹೋದರೆ ಹುರುಳಿ. ಎದುರಿನ ಬಸ್ಸು ಅದರ ಮೇಲೆ ಹಾದಾಗ ಏಳುವ ಹೊಟ್ಟು, ದೂಳು ನೇರ ನಮ್ಮ ಗಾಜಿಗೆ ಬಂದು ಬಡಿಯುತ್ತದೆ. ವೈಪರ್ ಹಾಕುತ್ತೇವೆ, ಗಾಜು ಚೊಕ್ಕವಾಗುತ್ತದೆ, ಮುಂದೆ ಹೋಗುತ್ತೇವೆ. ಆದರೆ ವೈಪರ್ ಬುಡದಲ್ಲಿ ಒಂದು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಅದರೊಳಗೆ ನುಗ್ಗಿದ ಹೊಟ್ಟು ಎಲ್ಲಿಗೆ ಹೋಯಿತು?

ಅದು ಹೋಗಿ ಕೂರುವುದು ಮಡಿಕೆ ಮಡಿಕೆಯಾಗಿ ಮಡಚಿದ ಒಂದು ಫಿಲ್ಟರ್ ಮೇಲೆ. ಶಾಲೆಯ ಸ್ಲೇಟಿನಷ್ಟು ಅಗಲ, ಎರಡು ಬೆರಳು ದಪ್ಪ. ಕಾರಿನ ಪುಸ್ತಕದಲ್ಲಿ ಇದನ್ನು ಕ್ಯಾಬಿನ್ ಏರ್ ಫಿಲ್ಟರ್ ಅಂತ ಬರೆದಿರುತ್ತಾರೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಎಸಿ ಫಿಲ್ಟರ್ ಅಂದರೆ ಬೇಗ ಅರ್ಥವಾಗುತ್ತದೆ. ಬರೀ ‘ಏರ್ ಫಿಲ್ಟರ್’ ಅಂತ ಕೇಳಿದರೆ ಬಾನೆಟ್ ಒಳಗಿನ ಇಂಜಿನ್ ಫಿಲ್ಟರ್ ಕೈಗಿಡುತ್ತಾರೆ. ಅದು ಇಂಜಿನ್ ಉಸಿರಾಡುವುದಕ್ಕೆ. ನಾವು ಮಾತಾಡುತ್ತಿರುವುದು ಕಾರಿನಲ್ಲಿ ಕೂತವರು ಉಸಿರಾಡುವ ಫಿಲ್ಟರ್.

ನಾನು ಇದನ್ನು ಮೊದಲ ಸಲ ಬಿಚ್ಚಿ ನೋಡಿದ್ದು ಕುತೂಹಲಕ್ಕಲ್ಲ, ಅನುಮಾನಕ್ಕೆ. ಸರ್ವಿಸ್ ಮುಗಿಸಿ ತಂದ ಕಾರು. ಬಿಲ್ಲಿನಲ್ಲಿ ಕ್ಯಾಬಿನ್ ಫಿಲ್ಟರ್ 480 ರೂಪಾಯಿ ಅಂತ ಸ್ಪಷ್ಟವಾಗಿ ಇತ್ತು. ಆದರೂ ಎಸಿ ಗಾಳಿ ಮೊದಲಿನ ಹಾಗೇ ಬಡಕಲು. ಭಾನುವಾರ ಮನೆ ಮುಂದೆ ಕೂತು ಬಿಚ್ಚಿದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ, ‘ಓಡ್ತಿರೋ ಕಾರ್ನ ಯಾಕ್ಲಾ ಕಿತ್ತಾಕ್ತಿದ್ದೀಯ?’ ಅಂದರು. ಒಳಗಿಂದ ಬಂದದ್ದು ಕಪ್ಪು ಹಿಡಿದ ಹಳೇ ಫಿಲ್ಟರ್. ಮಡಿಕೆಗಳ ಸಂದಿಯಲ್ಲಿ ಹೊಂಗೆ ಎಲೆ, ಯಾವುದೋ ಹುಳದ ರೆಕ್ಕೆ, ಅಂಗೈ ತುಂಬ ಹೊಟ್ಟು. ಅಮ್ಮ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, ‘ರಾಗೀದಲ್ಲ ಕಣ್ಲಾ, ಇದು ಭತ್ತದ್ದು’ ಅಂದರು. ಅಂದರೆ ಅದು ಹಿಂದಿನ ಸುಗ್ಗಿಯದು. ಬಿಚ್ಚಿ ನೋಡಿದ ವರ್ಷ ನಾವು ಭತ್ತದ ಕಣ ಇರುವ ದಾರಿಯಲ್ಲೇ ಓಡಾಡಿರಲಿಲ್ಲ!

ಆವತ್ತಿನಿಂದ ಈ ಕೆಲಸ ಮಾತ್ರ ನಾನೇ ಮಾಡಿಕೊಳ್ಳುತ್ತೇನೆ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಿತು. ಈಗ ಹತ್ತು ನಿಮಿಷ. ಆಯಿಲ್ ಚೇಂಜು, ಬ್ರೇಕು ಇವೆಲ್ಲ ಮೆಕ್ಯಾನಿಕ್‌ಗೇ ಬಿಡಿ. ಇದಕ್ಕೆ ಸ್ಪ್ಯಾನರ್ ಕೂಡ ಬೇಡ.

ಫಿಲ್ಟರ್ ಕಟ್ಟಿದೆಯೋ, ಗ್ಯಾಸ್ ಕಮ್ಮಿಯಾಗಿದೆಯೋ?

ಎಸಿ ಸರಿಯಿಲ್ಲ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ‘ಗ್ಯಾಸ್ ಹೋಗಿದೆ, ತುಂಬಿಸಿ’. ಸುಮ್ನೆ ದುಡ್ಡು ದಂಡ. ಮೊದಲು ಕೈಯನ್ನು ಗಾಳಿ ಬರುವ ಕಿಂಡಿಯ ಮುಂದೆ ಹಿಡಿಯಿರಿ. ಗಾಳಿ ಜೋರಾಗಿ ಬರುತ್ತಿದೆ, ಆದರೆ ತಣ್ಣಗಿಲ್ಲ ಅಂದರೆ ಗ್ಯಾಸು, ಕಂಪ್ರೆಸರ್ ಕಡೆ ನೋಡಬೇಕು. ಗಾಳಿ ತಣ್ಣಗಿದೆ, ಆದರೆ ಫ್ಯಾನ್ ಮೂರು ನಾಲ್ಕಕ್ಕೆ ಇಟ್ಟರೂ ಬರೀ ಸದ್ದು, ಬೀಸು ಇಲ್ಲ ಅಂದರೆ ಫಿಲ್ಟರ್ ಕಟ್ಟಿಕೊಂಡಿರುವ ಸಾಧ್ಯತೆಯೇ ಜಾಸ್ತಿ.

ಇನ್ನೂ ಕೆಲವು ಗುರುತುಗಳಿವೆ. ಎಸಿ ಹಾಕಿದ ಮೊದಲ ಒಂದು ನಿಮಿಷ ಒಣಗದ ಬಟ್ಟೆಯ ಮುಗ್ಗಲು ವಾಸನೆ. ಮಳೆಯಲ್ಲಿ ಗಾಜಿನ ಒಳಗೆ ಮಂಜು ಕಟ್ಟಿದರೆ ಎಷ್ಟು ಹೊತ್ತಾದರೂ ಹೋಗುವುದಿಲ್ಲ. ಹಿಂದೆ ಕೂತವರು ‘ಇತ್ತ ಗಾಳಿನೇ ಬರ್ತಿಲ್ಲ’ ಅಂತ ಗೊಣಗುತ್ತಾರೆ. ಕಾರು ಹತ್ತಿದ ಕೂಡಲೇ ಮಕ್ಕಳಿಗೋ ವಯಸ್ಸಾದವರಿಗೋ ಸೀನು ಶುರುವಾಗುತ್ತದೆ. ಫ್ಯಾನಿನಿಂದ ಕಟಕಟ ಸದ್ದು ಬಂದರೆ ಯಾವುದೋ ಎಲೆಯೋ ಕಡ್ಡಿಯೋ ಫಿಲ್ಟರ್ ದಾಟಿ ಒಳಗೆ ಬಿದ್ದಿರಬಹುದು.

ಇಷ್ಟಾದರೂ ಅನುಮಾನ ಉಳಿದರೆ ಒಂದು ಸುಲಭದ ಪರೀಕ್ಷೆ ಇದೆ. ಕೆಳಗೆ ಹೇಳುವ ಹಾಗೆ ಫಿಲ್ಟರ್ ತೆಗೆದು, ಅದರ ಮುಚ್ಚಳ ಹಾಕಿ, ಅರ್ಧ ನಿಮಿಷ ಫ್ಯಾನ್ ಓಡಿಸಿ ನೋಡಿ. ಗಾಳಿ ಒಮ್ಮೆಗೇ ಜೋರಾದರೆ ಕಳ್ಳ ಸಿಕ್ಕ ಹಾಗೆ. ಜೋರಾಗದಿದ್ದರೆ ಹೊಸ ಫಿಲ್ಟರ್‌ಗೆ ದುಡ್ಡು ಹಾಕುವ ಮೊದಲು ಬ್ಲೋವರ್ (ಗಾಳಿ ಊದುವ ಫ್ಯಾನ್) ಮತ್ತು ಕೂಲಿಂಗ್ ಕಾಯಿಲ್ (ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಮೆಕ್ಯಾನಿಕ್‌ಗೆ ತೋರಿಸಿ.

ಯಾವುದನ್ನು ತರಬೇಕು

ಅಂಗಡಿಗೆ ಹೋಗುವಾಗ ಕಾರಿನ ಮಾಡೆಲ್ ಹೆಸರು ಮಾತ್ರ ಹೇಳಿದರೆ ಸಾಲದು. ಯಾವ ವರ್ಷದ್ದು ಅನ್ನುವುದೂ ಬೇಕು, ಯಾಕೆಂದರೆ ಒಂದೇ ಹೆಸರಿನ ಕಾರು ಹೊಸ ರೂಪದಲ್ಲಿ ಬಂದಾಗ ಫಿಲ್ಟರ್ ಅಳತೆಯೂ ಬದಲಾಗಿರಬಹುದು. ಎಲ್ಲಕ್ಕಿಂತ ಒಳ್ಳೆಯದು ಹಳೆಯದನ್ನು ಬಿಚ್ಚಿ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗುವುದು. ಆಗದಿದ್ದರೆ ಸ್ಕೇಲ್ ಹಿಡಿದು ಉದ್ದ, ಅಗಲ, ದಪ್ಪ ಬರೆದುಕೊಳ್ಳಿ. ಕಂಪನಿಯ ಕೌಂಟರ್‌ನಲ್ಲಾದರೆ ಆರ್‌ಸಿಯಲ್ಲಿರುವ ಚಾಸಿ ನಂಬರ್ ತೋರಿಸಿದರೆ ಸರಿಯಾದದ್ದನ್ನೇ ಕೊಡುತ್ತಾರೆ.

ಸಿಗುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಬೆಳ್ಳಗಿರುವುದು ಸಾದಾ ಫಿಲ್ಟರ್. ಹೊಟ್ಟು, ದೂಳು, ಹೂವಿನ ಪರಾಗ, ಸೊಳ್ಳೆ ತಡೆಯುತ್ತದೆ. ಬೂದು ಅಥವಾ ಕಪ್ಪು ಬಣ್ಣದ್ದು ಕಾರ್ಬನ್ ಫಿಲ್ಟರ್. ಅದರಲ್ಲಿ ಇದ್ದಿಲಿನ ಪದರ ಇರುತ್ತದೆ, ದೂಳಿನ ಜೊತೆ ವಾಸನೆಯನ್ನೂ ಹಿಡಿಯುತ್ತದೆ. ಬೆಲೆ ಸ್ವಲ್ಪ ಮೇಲೆ. ನನ್ನ ಕಾರಿಗೆ ಕಳೆದ ಸಲ ಸಾದಾ 320, ಕಾರ್ಬನ್ 550 ಹೇಳಿದರು.

ಯಾವುದು ಒಳ್ಳೆಯದು? ನೀವು ಎಲ್ಲಿ ಓಡಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಮೈಸೂರಿನಲ್ಲೇ ಇದ್ದು ಸರಸ್ವತಿಪುರಂನಿಂದ ಕುವೆಂಪುನಗರಕ್ಕೆ ಓಡಾಡುವವರಿಗೆ ಸಾದಾ ಫಿಲ್ಟರ್ ಧಾರಾಳ ಸಾಕು. ಅದನ್ನೇ ಹೊತ್ತಿಗೆ ಸರಿಯಾಗಿ ಬದಲಿಸಿ. ನಮ್ಮ ಮಂಡ್ಯದಲ್ಲಿ ಕಥೆ ಬೇರೆ. 1933ರಲ್ಲಿ ಶುರುವಾದ ಮೈಷುಗರ್ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ದಿನಗಳಲ್ಲಿ ಕಾಕಂಬಿ ವಾಸನೆ ಗಾಳಿಯಲ್ಲೇ ಇರುತ್ತದೆ. ಹಳ್ಳಿ ಕಡೆ ಹೊರಟರೆ ಆಲೆಮನೆಗಳು. ಒಲೆಗೆ ಕಬ್ಬಿನ ರಚ್ಚು, ಅಂದರೆ ರಸ ಹಿಂಡಿದ ಸಿಪ್ಪೆ, ಹಾಕಿ ಉರಿಸುವ ಹೊಗೆ. ಕಟಾವು ಮುಗಿದ ಗದ್ದೆಯಲ್ಲಿ ತರಗಿಗೆ ಬೆಂಕಿ ಇಟ್ಟರೆ ಕಪ್ಪು ಮಸಿ ಹಾರಿ ಬಂದು ಬಿಳೀ ಕಾರಿನ ಮೇಲೆ ಕೂರುತ್ತದೆ. ಈ ದಾರಿಗಳಲ್ಲಿ ದಿನಾ ಓಡಾಡುವವರಿಗೆ ಕಾರ್ಬನ್ ಫಿಲ್ಟರ್‌ಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಆದರೆ ಪವಾಡ ನಿರೀಕ್ಷಿಸಬೇಡಿ. ಆಲೆಮನೆ ಪಕ್ಕ ಹಾದಾಗ ಬೆಲ್ಲದ ಘಮ ಕಾರೊಳಗೆ ಬಂದೇ ಬರುತ್ತದೆ. ಅದು ಬರದಿದ್ದರೆ ನನಗಂತೂ ಬೇಜಾರು, ಆ ಮಾತು ಬೇರೆ.

ಹೊಗೆಯ ವಿಷಯದಲ್ಲಿ ಇನ್ನೊಂದು ಮಾತು. ತಲೆಗೂದಲಿನ ದಪ್ಪ ಹೆಚ್ಚುಕಮ್ಮಿ 50ರಿಂದ 70 ಮೈಕ್ರಾನ್. ಹೊಗೆಯ ಕಣಗಳಲ್ಲಿ ಬಹುಪಾಲು 2.5 ಮೈಕ್ರಾನ್‌ಗಿಂತ ಸಣ್ಣವು. ಸಾದಾ ಫಿಲ್ಟರ್ ಇವನ್ನೆಲ್ಲ ಹಿಡಿಯುವುದಿಲ್ಲ. ಅದಕ್ಕೇ ಈಗ ‘ಹೆಪಾ’ ಅಂತ ಬರೆದ ಫಿಲ್ಟರ್‌ಗಳನ್ನೂ ಮಾರುತ್ತಾರೆ. ಸಣ್ಣ ಕಣ ಹಿಡಿಯಬೇಕಾದರೆ ಹೆಣಿಗೆ ಬಿಗಿಯಾಗಿರಬೇಕು, ಹೆಣಿಗೆ ಬಿಗಿಯಾದಷ್ಟೂ ಗಾಳಿ ಹಾಯುವುದು ಕಷ್ಟ. ಅಂಥ ಫಿಲ್ಟರ್‌ಗೆ ಅಂತಲೇ ಮಾಡಿರದ ಕಾರಿಗೆ ಹಾಕಿದರೆ ಬೀಸು ಕಮ್ಮಿಯಾಗಬಹುದು. ಆಮೇಲೆ ಮತ್ತೆ ‘ಎಸಿ ಸರಿಯಿಲ್ಲ’ ಅನ್ನುವ ರಾಗ.

ಇನ್ನು, ಕೆಲವು ಹಳೇ ಕಾರುಗಳ ಕಮ್ಮಿ ಬೆಲೆಯ ಮಾಡೆಲ್‌ಗಳಲ್ಲಿ ಈ ಫಿಲ್ಟರ್ ಬಂದೇ ಇರುವುದಿಲ್ಲ. ಜಾಗ ಇರುತ್ತದೆ, ಒಳಗೆ ಖಾಲಿ. ನಿಮ್ಮದೂ ಹಾಗಿದ್ದರೆ ಗಾಬರಿ ಬೇಡ, ಯಾರೂ ಕದ್ದಿಲ್ಲ. ಹಾಕಿಸಬಹುದಾ ಅಂತ ಅಂಗಡಿಯಲ್ಲಿ ಕೇಳಿ. ಎಲೆಕ್ಟ್ರಿಕ್ ಕಾರು ತಗೊಂಡವರು ‘ನಮಗೆ ಫಿಲ್ಟರ್ ಗೋಳಿಲ್ಲ’ ಅಂದುಕೊಂಡಿರುತ್ತಾರೆ. ಇಂಜಿನ್ ಫಿಲ್ಟರ್ ಇಲ್ಲ, ನಿಜ. ಇದು ಇದೆ.

ಬಿಚ್ಚುವ ಮೊದಲು

ಕಾರನ್ನು ನೆರಳಲ್ಲಿ ನಿಲ್ಲಿಸಿ. ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿ. ಫ್ಯಾನ್ ಇರುವ ಜಾಗದ ಹತ್ತಿರ ಕೈ ಹಾಕುವ ಕೆಲಸ ಇದು. ಮುಂಜಾನೆ ಚಳಿಯಲ್ಲಿ ಬೇಡ. ಹಳೇ ಪ್ಲಾಸ್ಟಿಕ್ ಚಳಿಗೆ ಸೆಟೆದುಕೊಂಡಿರುತ್ತದೆ, ಒತ್ತಿದರೆ ಪಟ್ ಅಂತ ಮುರಿಯುತ್ತದೆ. ಹತ್ತು ಗಂಟೆ ಮೇಲೆ ಎಳೆಬಿಸಿಲು ತಾಗಿದ ನಂತರ ಒಳ್ಳೆಯ ಹೊತ್ತು.

ಬೇಕಾದ ಸಾಮಾನು: ಮೊಬೈಲ್ ಟಾರ್ಚ್, ಬಣ್ಣ ಹಚ್ಚುವ ಒಣ ಬ್ರಷ್, ಒಂದು ಬಟ್ಟೆ, ಹಳೇ ಪೇಪರ್, ಮಾಸ್ಕ್. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ವಾಸಿ. ಕೆಲವು ಕಾರಿಗೆ ಸ್ಟಾರ್ ಸ್ಕ್ರೂಡ್ರೈವರ್ ಬೇಕಾಗುತ್ತದೆ. ಮಂಡಿ ಊರಲು ಒಂದು ಗೋಣಿಚೀಲ ಹಾಸಿಕೊಳ್ಳಿ. ಇದನ್ನು ನಗುತ್ತಾ ಓದಬೇಡಿ, ಗೋಣಿಚೀಲ ಇಲ್ಲದೆ ಹತ್ತು ನಿಮಿಷ ಕೂತು ನೋಡಿ.

ನಮ್ಮಲ್ಲಿ ಹೆಚ್ಚಿನ ಕಾರುಗಳಲ್ಲಿ ಫಿಲ್ಟರ್ ಇರುವುದು ಮುಂದಿನ ಎಡ ಸೀಟಿನ ಎದುರಿನ ಗ್ಲೋವ್ ಬಾಕ್ಸ್ ಹಿಂದೆ. ಕೆಲವು ಕಾರುಗಳಲ್ಲಿ, ಉದಾಹರಣೆಗೆ ಫೋಕ್ಸ್‌ವ್ಯಾಗನ್ ಪೋಲೊದಲ್ಲಿ, ಗ್ಲೋವ್ ಬಾಕ್ಸ್ ತೆಗೆಯಬೇಕಾಗಿಯೇ ಇಲ್ಲ. ಕಾಲಿಡುವ ಜಾಗದಲ್ಲಿ ತಲೆ ಹಾಕಿ ಮೇಲೆ ನೋಡಿದರೆ ಫಿಲ್ಟರ್ ಮುಚ್ಚಳ ಕಾಣುತ್ತದೆ. ನಿಮ್ಮದು ಎಲ್ಲಿದೆ ಅನ್ನುವುದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರದ ಸಮೇತ ಇರುತ್ತದೆ. ಆ ಪುಸ್ತಕ ಎಲ್ಲಿದೆ ಅಂತ ಹುಡುಕಬೇಡಿ, ಅದೂ ಗ್ಲೋವ್ ಬಾಕ್ಸ್‌ನಲ್ಲೇ ಇರುತ್ತದೆ.

ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿ. ನಮ್ಮದರಲ್ಲಿ ಸಿಕ್ಕಿದ್ದು: ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಚೀಟಿ, ಚಾಮುಂಡಿ ಬೆಟ್ಟದ ಕುಂಕುಮದ ಪೊಟ್ಟಣ ಎರಡು, ಮದ್ದೂರು ವಡೆ ಕಟ್ಟಿಕೊಟ್ಟಿದ್ದ ಎಣ್ಣೆ ಕಾಗದ, ಮಗಳ ಒಂದು ಸಾಕ್ಸ್. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಕಣ್ಣಿಗೆ ಬೀಳುವ ಕಡೆ ಇಡಿ.

ಗ್ಲೋವ್ ಬಾಕ್ಸ್: ಇಡೀ ಕೆಲಸದಲ್ಲಿ ಕಷ್ಟ ಇರುವುದು ಇಲ್ಲಿ ಮಾತ್ರ

ಬಾಗಿಲು ತೆರೆಯುವ ಹಾಗೆ ಗ್ಲೋವ್ ಬಾಕ್ಸ್ ತೆರೆಯಿರಿ. ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಅದನ್ನು ಅಲ್ಲಿ ತಡೆದು ಹಿಡಿದಿರುವುದು ಏನು ಅಂತ ಟಾರ್ಚ್ ಬಿಟ್ಟು ನೋಡಿ. ಕೈ ಹಾಕುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ವಾಪಸ್ ಹಾಕುವಾಗ ಗುರು ಅದೇ.

ಹೆಚ್ಚಾಗಿ ಸಿಗುವುದು ಎರಡು ರೀತಿ. ಮಾರುತಿಯ ಹಲವು ಕಾರುಗಳಲ್ಲಿ ಬಾಕ್ಸಿನ ಎರಡೂ ಪಕ್ಕದ ಗೋಡೆಗಳನ್ನು ಅಂಗೈಯಿಂದ ಒಳಕ್ಕೆ ಒತ್ತಬೇಕು. ಗೋಡೆ ಸ್ವಲ್ಪ ಬಾಗುತ್ತದೆ, ಅಂಚಿನ ಗುಬುಟು ಡ್ಯಾಶ್‌ಬೋರ್ಡಿನ ಹಿಡಿತದಿಂದ ಜಾರುತ್ತದೆ, ಬಾಕ್ಸು ಪೂರ್ತಿ ಕೆಳಕ್ಕೆ ಬೀಳುತ್ತದೆ. ಎರಡೂ ಕಡೆ ಒಟ್ಟಿಗೇ ಒತ್ತಬೇಕು. ಒಂದು ಕಡೆ ಬಿಟ್ಟು ಒಂದು ಕಡೆ ಎಳೆದರೆ ಬರುವುದಿಲ್ಲ, ಬಂದರೆ ಮುರಿದೇ ಬರುತ್ತದೆ. ನನ್ನ ಹ್ಯುಂಡೈ ಐ20ಯಲ್ಲಿ ಒಳಗೋಡೆಯ ಎರಡೂ ಕಡೆ ದುಂಡನೆಯ ಪ್ಲಾಸ್ಟಿಕ್ ಬಿರಡೆಗಳಿವೆ. ಅವನ್ನು ತಿರುಗಿಸಿ ಹೊರಗೆ ಎಳೆದರೆ ಬಾಕ್ಸು ಸಡಿಲ. ಇನ್ನು ಕೆಲವು ಕಾರಿನಲ್ಲಿ ಕೆಳಗೆ ಒಂದೆರಡು ಸ್ಕ್ರೂ ಇರುತ್ತವೆ. ಸ್ಕ್ರೂ ಬಿಚ್ಚಿದರೆ ಅವನ್ನು ನೆಲದ ಮೇಲಿಡಬೇಡಿ, ಒಂದು ಲೋಟದಲ್ಲಿ ಹಾಕಿ.

ಈಗ ಎಲ್ಲರೂ ಎಡವುವ ಜಾಗ. ಬಾಕ್ಸಿನ ಒಂದು ಪಕ್ಕದಲ್ಲಿ ಸಣ್ಣ ಕೈಯೋ ದಾರವೋ ಇರುತ್ತದೆ. ಬಾಕ್ಸು ಧಡಕ್ಕನೆ ಬೀಳದೆ ನಿಧಾನಕ್ಕೆ ತೆರೆದುಕೊಳ್ಳಲಿ ಅಂತ ಇಟ್ಟ ಡ್ಯಾಂಪರ್. ಅದು ಒಂದು ಮೊಳೆಯಂಥ ಗೂಟಕ್ಕೆ ಸಿಕ್ಕಿಕೊಂಡಿರುತ್ತದೆ. ಪಕ್ಕಕ್ಕೆ ಜಾರಿಸಿದರೆ ಸಲೀಸಾಗಿ ಬಿಡುತ್ತದೆ. ನಾನು ಮೊದಲ ಸಲ ಅದನ್ನು ನೋಡಲೇ ಇಲ್ಲ. ಬಾಕ್ಸು ಇನ್ನೂ ಯಾಕೆ ಬರುತ್ತಿಲ್ಲ ಅಂತ ಜಗ್ಗಿದೆ. ಟಕ್ ಅಂತು. ಮುರಿದದ್ದು ಕಿರುಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್. ಅಷ್ಟಕ್ಕೇ ಆಮೇಲೆ ಎರಡು ವರ್ಷ ನಮ್ಮ ಗ್ಲೋವ್ ಬಾಕ್ಸು ತೆರೆದಾಗಲೆಲ್ಲ ಪಕ್ಕದಲ್ಲಿ ಕೂತವರ ಮಂಡಿಗೆ ಬಡಿಯುತ್ತಿತ್ತು. ಬರದಿದ್ದರೆ ಜಗ್ಗಬೇಡಿ. ಬರುತ್ತಿಲ್ಲ ಅಂದರೆ ಏನೋ ಒಂದು ಇನ್ನೂ ಸಿಕ್ಕಿಕೊಂಡಿದೆ ಅಂತಲೇ ಅರ್ಥ.

ಬಾಕ್ಸು ಇಳಿದ ಮೇಲೆ ಹಿಂದೆ ವೈರುಗಳು ಕಾಣುತ್ತವೆ. ಹಳದಿ ಬಣ್ಣದ ವೈರು ಅಥವಾ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದರ ತಂಟೆಗೆ ಹೋಗಬೇಡಿ. ಅಲ್ಲಿಗೆ ಹೋಗುವ ಅಗತ್ಯವೂ ಇಲ್ಲ.

ಹಳೆಯದನ್ನು ತೆಗೆಯುವುದು

ಎದುರಿಗೆ ಕಪ್ಪು ಪ್ಲಾಸ್ಟಿಕ್ ಗೂಡು, ಅದಕ್ಕೊಂದು ಉದ್ದನೆಯ ತೆಳು ಮುಚ್ಚಳ ಕಾಣುತ್ತದೆ. ಕೆಲವದರಲ್ಲಿ ಎರಡು ತುದಿಗೂ ಚಿಮಟಾ ಥರದ ಕ್ಲಿಪ್, ಕೆಲವದರಲ್ಲಿ ಒಂದು ಕಡೆ ಕ್ಲಿಪ್, ಇನ್ನೊಂದು ಕಡೆ ಕೊಕ್ಕೆ. ಕ್ಲಿಪ್ ಒತ್ತಿ ಮುಚ್ಚಳ ಎಳೆಯಿರಿ. ಫಿಲ್ಟರ್‌ನ ಅಂಚು ಕಾಣುತ್ತದೆ. ಅಂಚಿನ ಮೇಲೆ ಬಾಣದ ಗುರುತು, ಪಕ್ಕದಲ್ಲಿ ಇಂಗ್ಲಿಷ್‌ನಲ್ಲಿ ‘ಏರ್ ಫ್ಲೋ’ ಅಂತ ಇರುತ್ತದೆ. ಬಾಣ ಯಾವ ಕಡೆ ತೋರಿಸುತ್ತಿದೆ ಅಂತ ಇನ್ನೊಂದು ಫೋಟೊ.

ಮಾಸ್ಕ್ ಹಾಕಿಕೊಂಡು ಈಗ ನಿಧಾನಕ್ಕೆ ಎಳೆಯಿರಿ. ಅಡ್ಡಡ್ಡ ಕೂರುವ ಫಿಲ್ಟರ್ ಆದರೆ, ಪಾಯಸದ ತಟ್ಟೆ ಹಿಡಿದ ಹಾಗೆ ಮಟ್ಟಸವಾಗಿ ತನ್ನಿ. ಮೇಲೆ ಕೂತ ಕಸ ಓರೆಯಾದರೆ ಗೂಡಿನೊಳಗೆ ಉದುರುತ್ತದೆ, ಅಲ್ಲಿಂದ ನೇರ ಫ್ಯಾನಿಗೆ. ಹೊರಗೆ ಬಂದದ್ದನ್ನು ಪೇಪರ್ ಮೇಲಿಟ್ಟು ಒಮ್ಮೆ ನೋಡಿ. ನೋಡಬೇಕಾದ್ದೇ. ನಮ್ಮ ಭಾವಮೈದನ ಮನೆ ಇರುವುದು ಮೈಸೂರಿನಲ್ಲಿ, ಸಾಲುಮರದ ನೆರಳಲ್ಲೇ ಕಾರು ನಿಲ್ಲಿಸುತ್ತಾನೆ. ಅವನದ್ದರಲ್ಲಿ ಹೊಟ್ಟಿನ ಸುಳಿವಿಲ್ಲ, ಬರೀ ಎಲೆ, ಒಣಗಿದ ಹೂವಿನ ಎಸಳು. ಅವನ ಕಾರು ತಿಂದದ್ದು ಅವನ ಬೀದಿ. ನಮ್ಮ ಕಾರು ತಿಂದದ್ದು ನಮ್ಮ ಕಣ.

ಇಲಿ ಹಿಕ್ಕೆಯೋ, ಹುಲ್ಲು ಕಚ್ಚಿ ತಂದು ಕಟ್ಟಿದ ಗೂಡೋ ಸಿಕ್ಕರೆ ಆಶ್ಚರ್ಯ ಇಲ್ಲ. ಗದ್ದೆ ಕೊಯ್ಲಾದ ಮೇಲೆ ಇಲಿಗಳು ಬೆಚ್ಚನೆ ಜಾಗ ಹುಡುಕಿಕೊಂಡು ಕಾರಿಗೆ ಬರುತ್ತವೆ. ಒಣಗಿದ ಹಿಕ್ಕೆಯನ್ನು ಬ್ರಷ್‌ನಿಂದ ಗುಡಿಸಬೇಡಿ, ವ್ಯಾಕ್ಯೂಮ್‌ನಲ್ಲೂ ಎಳೆಯಬೇಡಿ. ದೂಳಿನ ಜೊತೆ ಮೂಗಿಗೆ ಹೋಗುತ್ತದೆ. ಕೈಗೆ ಗ್ಲೌಸ್ ಹಾಕಿ, ಡೆಟಾಲ್ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆದು, ಬಟ್ಟೆ ಸಮೇತ ಕವರಿಗೆ ಕಟ್ಟಿ ಎಸೆಯಿರಿ. ವೈರು ಕಡಿದಿದೆಯಾ ಅಂತಲೂ ಕಣ್ಣಾಡಿಸಿ. ಕಡಿದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗುವುದೇ ಸರಿ.

ಹಿಕ್ಕೆ ಇಲ್ಲದಿದ್ದರೆ, ಫಿಲ್ಟರ್ ಇದ್ದ ಖಾಲಿ ಗೂಡನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಇಲ್ಲದಿದ್ದರೆ ಬ್ರಷ್‌ನಿಂದ ಮೆಲ್ಲಗೆ ನಿಮ್ಮ ಕಡೆಗೆ ಗುಡಿಸಿಕೊಳ್ಳಿ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸುವ ಯೋಚನೆ ಬೇಡ. ಕಸ ಹೊರಗೆ ಬರುವುದಕ್ಕಿಂತ ಒಳಗಿನ ಕೂಲಿಂಗ್ ಕಾಯಿಲ್‌ಗೆ ಹೋಗಿ ಅಂಟುವುದೇ ಜಾಸ್ತಿ. ಅದು ಸದಾ ತೇವವಾಗಿರುವ ಜಾಗ. ಅಲ್ಲಿ ಹೊಟ್ಟು ಅಂಟಿದರೆ ಡ್ಯಾಶ್‌ಬೋರ್ಡ್ ಬಿಚ್ಚಿಯೇ ತೆಗೆಯಬೇಕಾದೀತು.

‘ಹಳೆಯದನ್ನೇ ತೊಳೆದು ಹಾಕಿದರೆ ಆಗಲ್ವಾ?’ ಅಂತ ಕೇಳುವವರಿದ್ದಾರೆ. ತೊಳೆಯಬಹುದು ಅಂತ ಅದರ ಮೇಲೇ ಬರೆದಿದ್ದರೆ ಸರಿ. ಇಲ್ಲದಿದ್ದರೆ ನೀರು ತಾಗಿಸಬೇಡಿ. ಇದರ ಎಳೆಗಳು ಸಣ್ಣ ದೂಳನ್ನು ಹಿಡಿಯುವುದು ಅವುಗಳಲ್ಲಿರುವ ಸ್ಥಿರ ವಿದ್ಯುತ್ತಿನಿಂದಲೂ ಹೌದು. ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಆ ಥರ. ತೊಳೆದರೆ ಆ ಗುಣ ಹೋಗುತ್ತದೆ. ಸರಿಯಾಗಿ ಒಣಗದಿದ್ದರೆ ಬೂಷ್ಟು ಬೇರೆ. ಅಂಗಡಿ ರಜಾ ಇದ್ದು ಹೊಸದು ಸಿಗಲಿಲ್ಲ ಅಂದರೆ ಮೆಲ್ಲಗೆ ಕೊಡವಿ ಹಾಕಿ. ತಿಂಗಳೊಪ್ಪತ್ತು ನಡೆಯುತ್ತದೆ. ಹಳೆಯದನ್ನು ಕೊನೆಗೆ ಎಸೆಯುವಾಗ ಒಣಕಸಕ್ಕೆ ಹಾಕಿ. ಒಲೆಗೆ ಬೇಡ, ಅದು ಕಾಗದದ ಹಾಗೆ ಕಂಡರೂ ಪ್ಲಾಸ್ಟಿಕ್ ಎಳೆ.

ಹೊಸದನ್ನು ಕೂರಿಸುವುದು

ಹಾಕುವ ಮೊದಲು ಅಂಚಿನ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಕು, ಓಡಿರುವ ಕಿಲೋಮೀಟರ್ ಬರೆಯಿರಿ. ಮುಂದೆ ಸರ್ವಿಸ್‌ಗೆ ಕೊಟ್ಟಾಗ ಬದಲಿಸಿದ್ದಾರೋ ಇಲ್ಲವೋ ಅನ್ನುವುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಜಗಳವೂ ಬೇಡ.

ಬಾಣದ ದಿಕ್ಕು ಮುಖ್ಯ. ಗಾಳಿ ಹರಿಯುವ ಕಡೆಗೇ ಬಾಣ ತೋರಿಸಬೇಕು. ನನ್ನ ಕಾರಿನಲ್ಲಿ ಅದು ಕೆಳಮುಖ. ಬೇರೆ ಕಾರಿನಲ್ಲಿ ಬೇರೆ ಇರಬಹುದು. ಹಳೆಯದು ಹೇಗಿತ್ತೋ ಹಾಗೆ ಹಾಕುವುದು ಸುಲಭದ ದಾರಿ, ಆದರೆ ಹಿಂದಿನವರೇ ತಪ್ಪಾಗಿ ಹಾಕಿದ್ದರೆ? ಅದಕ್ಕೂ ಉಪಾಯ ಇದೆ. ಹಳೇ ಫಿಲ್ಟರ್‌ನಲ್ಲಿ ಕಸ ಕೂತ ಮುಖವೇ ಗಾಳಿ ಬರುವ ಕಡೆ. ಕೊಳೆ ಇರುವ ಮುಖದಿಂದ ಚೊಕ್ಕ ಇರುವ ಮುಖದ ಕಡೆಗೆ ಬಾಣ ಇರಬೇಕು. ಗೂಡಿನ ಮುಚ್ಚಳದ ಮೇಲೂ ಎಷ್ಟೋ ಸಲ ಗುರುತು ಇರುತ್ತದೆ. ತಲೆಕೆಳಗಾಗಿ ಹಾಕಿದರೆ ಕಾರು ಕೆಡುವುದಿಲ್ಲ, ಆದರೆ ಪದರಗಳು ಹಿಂದುಮುಂದಾಗಿ ಬೇಗ ಕಟ್ಟಿಕೊಳ್ಳುತ್ತದೆ.

ಫಿಲ್ಟರ್ ಮೆತ್ತಗಿರುತ್ತದೆ. ಸ್ವಲ್ಪ ಬಾಗಿಸಿ ಒಳಗೆ ಬಿಡಬಹುದು. ಮಧ್ಯಕ್ಕೆ ಬೆರಳಿಟ್ಟು ತಳ್ಳಬೇಡಿ, ಮಡಿಕೆ ಕುಸಿಯುತ್ತದೆ. ಎರಡು ತುದಿಗೂ ಸಮವಾಗಿ ಒತ್ತಿ. ಹೋಗಲೇ ಇಲ್ಲ ಅಂದರೆ ಒಂದೋ ಉಲ್ಟಾ ಹಿಡಿದಿದ್ದೀರಿ, ಇಲ್ಲವೇ ಬೇರೆ ಕಾರಿನದು ತಂದಿದ್ದೀರಿ. ಕತ್ತರಿ ತಗೊಂಡು ಅಂಚು ಕತ್ತರಿಸುವವರನ್ನು ನೋಡಿದ್ದೇನೆ. ಕತ್ತರಿಸಿದ ಸಂದಿಯಿಂದ ಗಾಳಿ ನುಗ್ಗಿದರೆ ಫಿಲ್ಟರ್ ಹಾಕಿ ಏನು ಬಂತು?

ಮುಚ್ಚಳ ಒತ್ತಿ. ಎರಡೂ ಕಡೆ ಕಟ್ ಅನ್ನಬೇಕು. ಗ್ಲೋವ್ ಬಾಕ್ಸನ್ನು ಮೊದಲು ಕೆಳಗಿನ ಕೀಲಿಗೆ ಕೂರಿಸಿ, ಆಮೇಲೆ ಡ್ಯಾಂಪರ್, ಕೊನೆಗೆ ಪಕ್ಕದ ಗೋಡೆ ಒತ್ತಿ ಮೇಲೆತ್ತಿ. ಬಿರಡೆ ಇದ್ದರೆ ತಿರುಗಿಸಿ ಬಿಗಿ ಮಾಡಿ. ಎರಡು ಸಲ ತೆರೆದು ಮುಚ್ಚಿ ನೋಡಿ.

ಕಿಟಕಿಗಳನ್ನು ಇಳಿಸಿ ಕಾರು ಸ್ಟಾರ್ಟ್ ಮಾಡಿ. ಫ್ಯಾನನ್ನು ಒಂದರಿಂದ ನಾಲ್ಕರವರೆಗೆ ಒಂದೊಂದೇ ಏರಿಸಿ. ಮೊದಲು ಸ್ವಲ್ಪ ದೂಳು ಬರಬಹುದು, ಮುಖ ಕಿಂಡಿಯ ಎದುರು ಇಡಬೇಡಿ. ಸುಯ್ ಅಂತ ಸಿಳ್ಳೆ ಬಂದರೆ ಮುಚ್ಚಳ ಸರಿಯಾಗಿ ಕೂತಿಲ್ಲ. ಕಟಕಟ ಅಂದರೆ ಕಸ ಫ್ಯಾನಿಗೆ ಬಿದ್ದಿದೆ, ಆಫ್ ಮಾಡಿ ಮತ್ತೊಮ್ಮೆ ಬಿಚ್ಚಿ ನೋಡಿ.

ಯಾವಾಗ ಬದಲಿಸಬೇಕು

ಪುಸ್ತಕದಲ್ಲಿ ಕಿಲೋಮೀಟರ್ ಲೆಕ್ಕ ಇರುತ್ತದೆ. ಕಂಪನಿಯಿಂದ ಕಂಪನಿಗೆ 10,000ದಿಂದ 20,000ದವರೆಗೆ, ಇಲ್ಲವೇ ವರ್ಷಕ್ಕೊಮ್ಮೆ ಅಂತ. ಜೊತೆಗೆ ‘ದೂಳಿನ ಜಾಗದಲ್ಲಿ ಇನ್ನೂ ಬೇಗ’ ಅಂತ ಒಂದು ಸಾಲು. ನಮ್ಮ ಕಡೆಗೆ ಆ ಸಾಲೇ ಮುಖ್ಯ. ಬೆಂಗಳೂರು–ಮೈಸೂರು ಹೆದ್ದಾರಿಯ ಸುಮಾರು 118 ಕಿಲೋಮೀಟರಿನಲ್ಲಿ ಹೋಗಿಬರುವುದರಿಂದ ಕೂರುವ ದೂಳಿಗಿಂತ, ಹುರುಳಿ ಹಾಸಿದ ಒಂದು ಕಿಲೋಮೀಟರ್ ಹಳ್ಳಿ ರಸ್ತೆಯಲ್ಲಿ ಒಳಗೆ ಹೋಗುವ ಹೊಟ್ಟು ಜಾಸ್ತಿ ಅಂತ ನನ್ನ ಕಣ್ಣಂದಾಜು. ಅದಕ್ಕೇ ನಾನು ಕಿಲೋಮೀಟರ್ ನೋಡುವುದನ್ನು ಬಿಟ್ಟೆ. ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸಿ, ಕಣದ ಕೆಲಸ ಎಲ್ಲ ಮುಗಿದ ಮೇಲೆ, ಜನವರಿ ಕೊನೆಗೋ ಫೆಬ್ರುವರಿ ಮೊದಲಿಗೋ ಹೊಸದು ಹಾಕುತ್ತೇನೆ. ಸುಗ್ಗಿಗೆ ಮೊದಲೇ ಹಾಕಿದರೆ ಎರಡೇ ತಿಂಗಳಿಗೆ ಹೊಸದೂ ಹಳತಾಗುತ್ತದೆ. ಮುಂಗಾರಿಗೆ ಮೊದಲು, ಮೇ ಹೊತ್ತಿಗೆ, ಒಮ್ಮೆ ಎಳೆದು ನೋಡಿ ಕೊಡವುತ್ತೇನೆ. ಮೈಸೂರು ಪೇಟೆಯಲ್ಲೇ ಇರುವವರಿಗೆ ಈ ಲೆಕ್ಕ ಬೇಡ. ಅವರಿಗೆ ಎಲೆ ಉದುರುವ ಕಾಲ ಕಳೆದ ಮೇಲೆ ಸಾಕು.

ಫಿಲ್ಟರ್ ಬಾಳಿಕೆ ಬರಬೇಕು ಅಂದರೆ ವೈಪರ್ ಬುಡದ ಜಾಲರಿ ಚೊಕ್ಕ ಇರಬೇಕು. ಹೊರಗಿನ ಗಾಳಿ ಒಳಗೆ ಬರುವ ಬಾಗಿಲೇ ಅದು. ವಾರಕ್ಕೊಮ್ಮೆ ಕಾರು ತೊಳೆಯುವಾಗ ಬಾನೆಟ್ ಎತ್ತಿ, ಅಲ್ಲಿ ಸೇರಿದ ಎಲೆಗಳನ್ನು ಕೈಯಲ್ಲಿ ಬಾಚಿ ತೆಗೆಯಿರಿ. ಮೊದಲು ತೆಗೆದು ಆಮೇಲೆ ನೀರು ಹಾಕಿ. ನೀರು ಬಿಟ್ಟು ತಳ್ಳಿದರೆ ಎಲೆ ಒಳಗೇ ಹೋಗುತ್ತದೆ, ನೀರು ಹೊರಹೋಗುವ ತೂತೂ ಕಟ್ಟುತ್ತದೆ.

ರಸ್ತೆ ಕಣ, ಕಬ್ಬಿನ ಟ್ರಾಕ್ಟರ್, ತರಗಿನ ಹೊಗೆ ಎದುರಾದಾಗ ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ, ಕಾರಿನ ಚಿತ್ರದೊಳಗೆ ಬಾಗಿದ ಬಾಣ ಇರುವುದು. ದಾಟಿದ ಮೇಲೆ ಮರೆಯದೆ ತೆಗೆಯಿರಿ. ಐದು ಜನ ಕೂತು ಮೈಸೂರಿನಿಂದ ಬೆಂಗಳೂರಿನವರೆಗೂ ಅದೇ ಗಾಳಿ ಸುತ್ತಿಸಿದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿ ಡ್ರೈವರ್‌ಗೂ ತೂಕಡಿಕೆ ಬರುತ್ತದೆ. ಹುರುಳಿ ಹಾಸಿದ ಕಡೆ ಆದಷ್ಟು ಅದರ ಮೇಲೆ ಹತ್ತಿಸಲೇಬೇಡಿ. ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು, ಬಿಸಿ ಸೈಲೆನ್ಸರ್ ತಾಗಿ ಬೆಂಕಿ ಹತ್ತಿದ ಪ್ರಸಂಗಗಳು ನಮ್ಮ ಕಡೆ ಆಗಿವೆ. ಅದಕ್ಕೆ ಯಾವ ಫಿಲ್ಟರೂ ಇಲ್ಲ.

ಹೊಸ ಫಿಲ್ಟರ್ ಹಾಕಿದ ಮೇಲೂ ಮುಗ್ಗಲು ವಾಸನೆ ಹೋಗದಿದ್ದರೆ ಬೂಷ್ಟು ಇರುವುದು ಕೂಲಿಂಗ್ ಕಾಯಿಲ್‌ನಲ್ಲಿ. ಮನೆ ತಲುಪುವುದಕ್ಕೆ ಎರಡು ಮೂರು ನಿಮಿಷ ಮೊದಲು ಎಸಿ ಬಟನ್ ಆಫ್ ಮಾಡಿ, ಫ್ಯಾನ್ ಮಾತ್ರ ಓಡಲು ಬಿಡಿ. ಕಾಯಿಲ್ ಒಣಗುತ್ತದೆ. ಎರಡು ವಾರ ಹೀಗೆ ಮಾಡಿ ನೋಡಿ, ಆಗದಿದ್ದರೆ ಮೆಕ್ಯಾನಿಕ್ ಹತ್ತಿರ ಕ್ಲೀನ್ ಮಾಡಿಸಿ. ಎಡಗಡೆ ಕಾಲಿಡುವ ಜಾಗದ ಮ್ಯಾಟು ಒದ್ದೆಯಾಗಿದ್ದರೆ ಎಸಿ ನೀರು ಹೊರಹೋಗುವ ಪೈಪು ಕಟ್ಟಿದೆ ಅಂತಲೂ ಇರಬಹುದು. ಅದನ್ನೂ ಹೇಳಿ.

ಕೊನೆಗೆ, ಚೀಲಕ್ಕೆ ಹಾಕಿಟ್ಟ ಕಾಗದಗಳನ್ನು ಮರಳಿ ಗ್ಲೋವ್ ಬಾಕ್ಸಿಗೆ ಇಡಿ. ನಾನು ಮೊದಲ ಸಲ ಆ ಚೀಲವನ್ನು ಜಗಲಿ ಮೇಲೇ ಬಿಟ್ಟು ಮಾರನೇ ದಿನ ಶ್ರೀರಂಗಪಟ್ಟಣಕ್ಕೆ ಹೊರಟೆ. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರು. ಗ್ಲೋವ್ ಬಾಕ್ಸು ತೆರೆದೆ. ಅದು ಧಡ್ ಅಂತ ಹೆಂಡತಿಯ ಮಂಡಿಗೆ ಬಡಿಯಿತು, ಒಳಗೆ ನೋಡಿದರೆ ಏನೂ ಇಲ್ಲ. ಮೊಬೈಲಿನಲ್ಲಿ ಡಿಜಿಲಾಕರ್ ಇದ್ದದ್ದಕ್ಕೆ ಬಚಾವಾದೆ.